ಸೆರಗಿನ ಎರಡು ಸುತ್ತು

ಫ್ಯಾನು ಇತ್ತ ತಿರುಗಿದಾಗಲೆಲ್ಲ ಕಾಗದದ ಮೂಲೆ ಏಳುತ್ತದೆ, ಹೆಬ್ಬೆರಳಿಂದ ಒತ್ತಿದರೆ ಬೆವರಿನ ಕಲೆ, ಯಾದಗಿರಿ ಕೋರ್ಟಿನ ಈ ಬೆಂಚು ಯಾಕಿಷ್ಟು ಚುಚ್ಚುತ್ತದೋ, ಸಹಿ ಮಾಡ್ರಿ ಪಂಪಣ್ಣ, ಈಗ ಕರೀತಾರ, ಅಂದು ಹೋದರು ಸರ್ಕಾರಿ ವಕೀಲರು, ಹೊಸ ಸಾಕ್ಷ್ಯ ಕಾಯ್ದೆಯ ಅರವತ್ಮೂರನೇ ಕಲಮಿನ ಪ್ರಮಾಣಪತ್ರ, ಫೋಟೋ ನನ್ನ ಕ್ಯಾಮೆರಾದ್ದೇ, ತೆಗೆದ ಮೇಲೆ ಏನೂ ತಿದ್ದಿಲ್ಲ — ತಿದ್ದಿಲ್ಲ, ದೇವರಾಣೆ ತಿದ್ದಿಲ್ಲ, ಪ್ರಯೋಗಾಲಯದವರೂ ಹ್ಯಾಶ್ ಅನ್ನುವ ಉದ್ದ ಸಂಖ್ಯೆ ತಾಳೆ ನೋಡಿ ಸರಿಯಿದೆ ಎಂದು ಬರೆದಿದ್ದಾರೆ, ತೆಗೆಯುವ ಮೊದಲು ನೀನೇನು ಮಾಡಿದಿ ಎಂದು ಮಾತ್ರ ಈ ಕಾಗದದಲ್ಲಿ ಎಲ್ಲೂ ಕೇಳಿಲ್ಲ.

ಅವತ್ತು ಕೃಷ್ಣೆಯ ದಂಡೆಯಲ್ಲಿ ಸರಿತಾಳ ಹೆಣ, ಎರಡು ವರ್ಷದ ಹಿಂದೆ ಅವಳ ಮದುವೆಯ ಫೋಟೋ ತೆಗೆದವನೂ ನಾನೇ, ಸೆರಗು ಸರಿ ಮಾಡ್ಕೋ ತಂಗಿ ಅಂದರೆ ನಕ್ಕಿದ್ದಳು — ಫೋಟೋಕ್ಕೆಂದು ನನ್ನನ್ನು ಕರೆತಂದ ಪೊಲೀಸ್ ಜಮಾದಾರರು ಹೆಣವನ್ನು ದೂರದಿಂದಲೇ ನೋಡಿ, ಪಂಚನಾಮೆಗೆ ಸಾಕ್ಷಿ ನಿಲ್ಲುವ ಪಂಚರನ್ನು ಕರೆಯಲು ಏರಿ ಹತ್ತಿದ್ದರು, ಹೆಣದ ಹತ್ತಿರ ನಾನೊಬ್ಬನೇ, ಕುತ್ತಿಗೆಗೆ ಹಸಿರು ಸೆರಗು, ಒಂದು ಸುತ್ತು, ಎರಡು ಸುತ್ತು, ಎದೆ ಬಯಲು, ಹಿಂಗ ಹೆಂಗ ತೆಗೀಲಿ ಹೆಣ್ಮಗಳ ಫೋಟೋ, ಕೈ ತಾನೇ ಹೋಯಿತು, ಶಹಾಪುರದ ನನ್ನ ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷ ಹೋದಂತೆ, ಸುತ್ತು ಬಿಚ್ಚಿ, ಸೆರಗನ್ನು ಹೆಗಲ ಮೇಲೆ ನೆಟ್ಟಗೆ ಹೊದಿಸಿ, ಆಮೇಲೆ ಬಟನ್ ಒತ್ತಿದೆ. ಕುತ್ತಿಗೆಯಲ್ಲಿ ಗುರುತಿದೆ ಎಂದು ಡಾಕ್ಟರು ಬರೆದರು, ಸೆರಗು ಬಿಗಿದು ಕೊಂದ ಎಂದು ಪೊಲೀಸರು ಗಂಡನನ್ನು ಹಿಡಿದರು, ಜಾಮೀನಿನ ದಿನ ಗಂಡನ ವಕೀಲ ನನ್ನ ಫೋಟೋ ಎತ್ತಿ ಹಿಡಿದ, ಸೆರಗು ಹೆಗಲಮ್ಯಾಗ ಅದ ನೋಡ್ರಿ ಸಾಹೇಬ್ರ, ಗುರುತು ಮೀನು ಹಿಡಿಯೋ ಬಲಿ ಹಗ್ಗದ್ದು, ಹುಡುಗಿ ತಾನೇ ನೀರಿಗೆ ಬಿದ್ದಾಳ, ಗಂಡ ಹೊರಗೆ ಬಂದ, ಇವತ್ತು ಅದೇ ಫೋಟೋ ಅವನನ್ನು ಪೂರ್ತಿ ಬಿಡಿಸುತ್ತದೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಸಾಕ್ಷಿ ಕೆಡಿಸಿದವ ಎಂದು ನನ್ನನ್ನೇ ಒಳಗೆ ಹಾಕಿದರೆ, ಸ್ಟುಡಿಯೋ, ಹೆಂಡತಿ — ಹೆದರಿಕೆ, ಹೌದು, ಹೆದರಿಕೆ. ಎದುರಿನ ಬೆಂಚಿನಲ್ಲಿ ಸರಿತಾಳ ತಾಯಿ ಮೌನಮ್ಮ, ಬೆಳಿಗ್ಗೆ ಬಂದವಳೇ ನನ್ನ ಕೈ ಹಿಡಿದಳು, ಅಣ್ಣಾರ, ಎಲ್ಲಾರ ಮುಂದ ಆ ಫೋಟೋ ತೋರ್ಸಿದ್ರು, ಸೆರಗು ನೆಟ್ಟಗಿತ್ತು, ನನ್ನ ಮಗಳ ಮಾನ ಉಳಿಸೀರಿ — ಉಳಿಸಿದೆನವ್ವಾ, ಕೊಂದವನನ್ನೂ ಉಳಿಸಿದೆ.

ಪಂಪಣ್ಣ ಹಾಜರ್, ಕೂಗುತ್ತಿದ್ದಾರೆ, ಕಾಲುಗಳು ನಡೆಯುತ್ತಿವೆ, ಕಟಕಟೆ, ಕಾಗದದ ಮೇಲೆ ಸಹಿಯಿಲ್ಲ, ಸರ್ಕಾರಿ ವಕೀಲರು ಕೇಳುತ್ತಿದ್ದಾರೆ, ಫೋಟೋ ನೀವ ತೆಗೆದದ್ದೇನ್ರಿ, ಹೌದ್ರಿ, ನೀವು ಹೋದಾಗ ಸೆರಗು ಹಿಂಗ ಇತ್ತೇನ್ರಿ, ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಗಿದೆ, ಎಲ್ಲರೂ ನೋಡುತ್ತಿದ್ದಾರೆ, ಮೌನಮ್ಮನೂ, ಕೈ ಅದನ್ನು ನನ್ನ ಕುತ್ತಿಗೆಗೇ ಸುತ್ತುತ್ತಿದೆ, ಒಂದು ಸುತ್ತು, ಎರಡು ಸುತ್ತು, ಹಸಿರು ಸೆರಗು, ಎರಡು ಸುತ್ತು —