ಇವತ್ತಿನ ಮಟ್ಟಿಗೆ

"ಕಳ್ಳ ಸೂಳಿ, ಗೌಡ್ರ ಕುರಿ ಹೊಡಕೊಂಡು ಓಡಿ ಹೋಗಿದ್ದೆಲ್ಲಾ, ಈಗ ಹೆಂಗ ಬಂದಿ?"

ತೆಲಂಗಾಣದ ಬಸ್ಸು ಕೃಷ್ಣಾ ಸೇತುವೆ ದಾಟಿ ನಿಂತಿತ್ತು. ಪೊಲೀಸ್ ಫೌಜದಾರ ಬಂಡೆಮ್ಮನ ರಟ್ಟೆ ಹಿಡಿದು ಸೀಟಿನಿಂದ ಎಳೆದ. ತಲೆಯ ಸೆರಗು ಜಾರಿತು. ಬಸ್ಸಿನಲ್ಲಿದ್ದವರು ಕಿಟಕಿಯ ಕಡೆ ಮುಖ ತಿರುಗಿಸಿದರು.

"ಸಾಕ್ಷಿ ಹೇಳಾಕ ಹೊಂಟೀನ್ರೀ. ಜಡ್ಜ್ ಸಾಹೇಬ್ರ ಹುಕುಂ ಅದ."

ಅವಳು ಕಾಗದ ತೆಗೆದುಕೊಟ್ಟಳು. ಸಾಕ್ಷಿ ನುಡಿಯಲು ಬರುವಾಗ, ಕೋರ್ಟಿನಲ್ಲಿರುವಾಗ, ತಿರುಗಿ ಗಡಿ ದಾಟುವವರೆಗೆ ಅವಳನ್ನು ಬಂಧಿಸಬಾರದು ಎಂದು ಅದರಲ್ಲಿತ್ತು. ಫೌಜದಾರ ಓದಿ ಅವಳ ಮುಖಕ್ಕೆ ಎಸೆದ.

"ಇವತ್ತಿನ ಮಟ್ಟಿಗೆ ಅದ. ಹೋಗು. ನಾವೂ ಹಿಂದ ಬರ್ತೀವಿ."

ದೇವದುರ್ಗದ ಕಡೆ ಹೊಳೆದಂಡೆಯಲ್ಲಿ ಗೌಡನ ಮರಳು ಲಾರಿ ಬಂಡೆಮ್ಮನ ಕುರಿಗಳ ಮೇಲೆ ಬಂದಾಗ ಅವಳ ಗಂಡ ಹನುಮಂತ್ರಾಯ ಅಡ್ಡ ನಿಂತಿದ್ದ. "ಹಾಯ್ಸಲೇ ಮ್ಯಾಲ!" ಎಂದು ಗೌಡ ಕೂಗಿದ. ಡ್ರೈವರ್ ಹಾಯಿಸಿದ; ಹನುಮಂತ್ರಾಯ ಅಲ್ಲೇ ಸತ್ತ. ದೂರು ಕೊಟ್ಟ ಬಂಡೆಮ್ಮನ ಮೇಲೆಯೇ ಕುರಿಗಳ್ಳತನದ ಕೇಸು ಬಿತ್ತು. ಅಂದಿನಿಂದ ಅವಳು ನಾರಾಯಣಪೇಟೆಯ ಕಡೆ, ಅಕ್ಕನ ಊರಿನಲ್ಲಿ ಕೂಲಿ ಮಾಡುತ್ತಿದ್ದಳು.

ರಾಯಚೂರಿನ ಕೋರ್ಟಿನಲ್ಲಿ ಸರ್ಕಾರಿ ವಕೀಲೆ ವೇದಶ್ರೀ ಕಾಯುತ್ತಿದ್ದಳು. ಹುಕುಂ ಕೇಳಿ ಪಡೆದವಳು ಅವಳೇ.

"ಅಂಜಬ್ಯಾಡ ಬಂಡೆಮ್ಮ. ಕಂಡದ್ದು ಕಂಡಂಗ ಹೇಳು."

ಬಂಡೆಮ್ಮ ಕಟಕಟೆ ಹತ್ತಿ ಪ್ರಮಾಣ ಮಾಡಿದಳು. ಅಷ್ಟರಲ್ಲಿ ಗೌಡನ ಕಡೆಯ ಕಿರಿಯ ವಕೀಲ ಎದ್ದ. "ನಮ್ಮ ಹಿರಿಯ ವಕೀಲರಿಗೆ ಹುಷಾರಿಲ್ಲ ಸ್ವಾಮಿ. ಮುಂದಿನ ತಾರೀಖು ಕೊಡಬೇಕು."

"ಸಾಕ್ಷಿ ಹೊರರಾಜ್ಯದಿಂದ ಬಂದಿದ್ದಾರೆ ಸ್ವಾಮಿ," ಎಂದಳು ವೇದಶ್ರೀ. "ರಕ್ಷಣೆ ಈ ಸಲಕ್ಕಷ್ಟೇ ಇದೆ."

"ಮುಂದಿನ ತಾರೀಖು ಕೊಟ್ಟಿದ್ದೇನೆ. ರಕ್ಷಣೆಗೆ ಮತ್ತೆ ಅರ್ಜಿ ಹಾಕಿ," ಎಂದು ನ್ಯಾಯಾಧೀಶರು ಇನ್ನೊಂದು ಫೈಲಿಗೆ ಕೈಚಾಚಿದರು.

ಬಾಗಿಲಲ್ಲಿ ಫೌಜದಾರ ನಿಂತಿದ್ದ. ಜಾಮೀನಿನ ಮೇಲೆ ಬಂದಿದ್ದ ಗೌಡ ಅವನತ್ತ ನೋಡಿ ಮೆಲ್ಲಗೆ ತಲೆಯಾಡಿಸಿದ. ಬಂಡೆಮ್ಮ ಅದನ್ನು ಕಂಡಳು. ಕೈಯಲ್ಲಿ ಹುಕುಂ ಇದ್ದರೂ ಮುಂದಿನ ತಾರೀಖಿನವರೆಗೆ ಇವರು ತನ್ನನ್ನು ಜೀವಂತ ಉಳಿಸುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

"ಇಳಿಯಮ್ಮಾ," ಎಂದ ಜವಾನ.

ಅವಳು ಕಟಕಟೆಯ ಕಂಬಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

"ಇಳಿಯಂಗಿಲ್ರೀ! ನನ್ನ ಗಂಡನ ಮ್ಯಾಲ ಲಾರಿ ಹಾಯ್ಸು ಅಂದಾಂವ ಅಲ್ಲಿ ನಿಂತಾನ ನೋಡ್ರಿ, ಬಿಳಿ ಅಂಗಿಯಾಂವ. ಈ ಕಣ್ಣೀಲೆ ಕಂಡೀನಿ. ಬರ್ಕೋರ್ರಿ!"

ಜವಾನ ಅವಳ ಬೆರಳು ಬಿಡಿಸತೊಡಗಿದ.

"ಬರ್ಕೋರ್ರಿ ಅಂತೀನಿ!"

ಟೈಪಿಸ್ಟ್ ಕೀಲಿಗಳ ಮೇಲೆ ಕೈಯಿಟ್ಟು ನ್ಯಾಯಾಧೀಶರ ಮುಖ ನೋಡಿದ. ಅವರು ಇನ್ನೂ ತಲೆ ಎತ್ತಿರಲಿಲ್ಲ. ಫೌಜದಾರ ಟೋಪಿ ಸರಿಮಾಡಿಕೊಂಡು ಒಳಗೆ ಕಾಲಿಟ್ಟ.