ಅಪ್ಪನ ವೇಳಾಪಟ್ಟಿ

ಶಾಲೆ ಬಿಟ್ಟ ಮಕ್ಕಳನ್ನು ಮತ್ತೆ ಶಾಲೆಗೆ ಎಳೆದು ತರುವುದರಲ್ಲಿ ಹೊನ್ನೂರಸ್ವಾಮಿಯದು ಎತ್ತಿದ ಕೈ. ದೇಶನೂರಿನ ಸರ್ಕಾರಿ ಶಾಲೆಯಲ್ಲಿ ಹದಿನಾರು ವರ್ಷ ಮೇಷ್ಟ್ರಾಗಿ ಸವೆದ ಮನುಷ್ಯ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ತರಗತಿ ಅರ್ಧ ಖಾಲಿಯಾಯಿತೆಂದರೆ ಬೈಕು ಹತ್ತಿ ಸೀದಾ ಹೊಲಕ್ಕೇ ಹೋಗುತ್ತಿದ್ದ. ಬದುವಿನ ಮೇಲೆ ನಿಂತು ತಾಯಂದಿರ ಜೊತೆ ಜಗಳ ತೆಗೆಯುತ್ತಿದ್ದ. “ವಾರ ಬಿಟ್ಟ ಕೂಸು ತಿಂಗಳು ಬಿಡ್ತೈತಿ, ತಿಂಗಳು ಬಿಟ್ಟಿದ್ದು ವಾಪಸ್ ಬರಂಗಿಲ್ಲವ್ವ” ಎಂಬುದು ಅವನ ಖಾಯಂ ಮಾತು. ಅಂಥವನ ಸ್ವಂತ ಮಗಳು, ಹತ್ತು ವರ್ಷದ ಅಕ್ಷಿತಾ, ದಸರೆ ರಜೆ ಮುಗಿದಾಗಿನಿಂದ ಸಿರುಗುಪ್ಪದ ಮನೆಯಲ್ಲಿ ಕುಳಿತಿದ್ದಾಳೆ ಎಂಬುದು ದೇಶನೂರಿನ ಯಾವ ತಾಯಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಅವನು ನೋಡಿಕೊಂಡಿದ್ದ.

ಅವಳನ್ನು ಸೇರಿಸಿದ್ದು ಸಿರುಗುಪ್ಪದ ಒಂದು ಖಾಸಗಿ ಇಂಗ್ಲಿಷ್ ಶಾಲೆಗೆ. ಸರ್ಕಾರಿ ಮೇಷ್ಟ್ರು ತನ್ನ ಮಗಳನ್ನು ಕಾನ್ವೆಂಟಿಗೆ ಹಾಕಿದ ಎಂದು ಬೈಯುವವರು ಬೈಯಲಿ, ತಾಲ್ಲೂಕಿನ ಮುಕ್ಕಾಲು ಪಾಲು ಮೇಷ್ಟ್ರು ಮಾಡುವುದೂ ಅದನ್ನೇ. ಅಕ್ಷಿತಾ ದಡ್ಡಿಯಲ್ಲ. ಒಮ್ಮೆ ಕೇಳಿದ ಕತೆಯನ್ನು ಅಕ್ಷರ ಬಿಡದೆ ತಿರುಗಿ ಹೇಳುತ್ತಾಳೆ. ಆದರೆ ಬರೆದ ಅಕ್ಷರಗಳು ಅವಳ ಕಣ್ಣಿಗೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಕನ್ನಡವಾಗಲಿ ಇಂಗ್ಲಿಷಾಗಲಿ, ಹಿಂದಿನದು ಮುಂದೆ, ಮುಂದಿನದು ಹಿಂದೆ. ಆ ಶಾಲೆಯವರು ಕಂಡುಕೊಂಡ ಔಷಧವೆಂದರೆ ದಿನಾ ಬೆಳಿಗ್ಗೆ ಅವಳನ್ನು ನಿಲ್ಲಿಸಿ ಗಟ್ಟಿಯಾಗಿ ಓದಿಸುವುದು. ತರಗತಿ ನಗುತ್ತಿತ್ತು. ಒಂದು ದಿನ ನಿಂತಲ್ಲೇ ಯೂನಿಫಾರ್ಮ್ ಒದ್ದೆಯಾಯಿತು. ಮಾರನೆಯ ದಿನದಿಂದ ಶೂ ಹಾಕಿಕೊಂಡ ಕೂಡಲೇ ಅವಳಿಗೆ ವಾಂತಿ.

“ನಮ್ಮ ಕಡಿಂದ ಆಗಂಗಿಲ್ರಿ ಸರ,” ಎಂದು ಅಲ್ಲಿನ ಹೆಡ್ ಮೇಡಮ್ಮು ಕೈ ತೊಳೆದುಕೊಂಡರು. “ನೀವಾ ಮೇಷ್ಟ್ರು ಅದೀರಿ. ಮನ್ಯಾಗ ಕಲಿಸ್ರಿ.”

ಹೊನ್ನೂರಸ್ವಾಮಿ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ತನ್ನ ಶಾಲೆಗೇ ಕರೆದೊಯ್ದ. ಗೇಟಿನ ಮುಂದೆ ಅವಳು ಇಳಿಯಲಿಲ್ಲ. ಹಿಂದಿನಿಂದ ಅವನ ಅಂಗಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಒಂದು ಗುಂಡಿ ಕಿತ್ತು ಬಂತು. ಯಾರೂ ನೋಡುವ ಮೊದಲೇ ಬೈಕು ತಿರುಗಿಸಿದ. ಇನ್ನು ಉಳಿದದ್ದು ಮನೆಯೊಂದೇ. ಅಲ್ಲಿಯೂ ಆಗದಿದ್ದರೆ ಮಗಳು ಓದು ಬಾರದೆಯೇ ಬೆಳೆಯುತ್ತಾಳೆ ಎಂಬ ಭಯ ಅವನ ಎದೆಯಲ್ಲಿ ಕುಳಿತುಕೊಂಡಿತು.

ಮನೆಯಲ್ಲೇ ಕಲಿಸುವುದನ್ನು ಹೇಗೆ ಶುರು ಮಾಡಬೇಕು? ಮೇಷ್ಟ್ರಿಗೆ ಗೊತ್ತಿರಬೇಕಾದ ವಿಷಯ, ಗೊತ್ತಿರಲಿಲ್ಲ. ಶಿಕ್ಷಣ ಇಲಾಖೆಯ ಸಂಬಳ ತಿನ್ನುವವನು ಇಲಾಖೆಯನ್ನೇ ಹೋಗಿ ಕೇಳುವುದು ಹೇಗೆ? ಫೋನನ್ನು ಕೇಳಿದ. ಕನ್ನಡದಲ್ಲಿ ಕೇಳಿದರೆ ಓದುವ ಕೋಣೆ ಯಾವ ದಿಕ್ಕಿಗಿರಬೇಕೆಂಬ ವಾಸ್ತು ಬಂತು, ಒಂದು ಟ್ಯೂಷನ್ ಜಾಹೀರಾತು ಬಂತು, ಒಬ್ಬ ಧಡೂತಿ ಮನುಷ್ಯ ಮಗ್ಗಿ ಕಿರುಚುವ ವಿಡಿಯೋ ಬಂತು. ಇಂಗ್ಲಿಷಿನಲ್ಲಿ ಕೇಳಿದರೆ ರಾಶಿ ರಾಶಿ. ಮೊದಲು ನಿಮ್ಮ ರಾಜ್ಯದ ನಿಯಮ ತಿಳಿದುಕೊಳ್ಳಿ ಎಂದು ಒಂದು ಮಾರ್ಗದರ್ಶಿ ಆದರದಿಂದ ಹೇಳಿತು. ಒತ್ತಿ ನೋಡಿದರೆ ರಾಜ್ಯಗಳ ಪಟ್ಟಿ ಅಮೆರಿಕದ ಅಲಬಾಮಾದಿಂದ ಶುರುವಾಗಿತ್ತು. ಇನ್ನೊಂದರಲ್ಲಿ ಹಿಮ ಬಿದ್ದ ದಿನ ಮಕ್ಕಳಿಗೆ ಏನು ಕಲಿಸಬಹುದೆಂದು ಎರಡು ಪುಟ ಬರೆದಿದ್ದರು. ಸಿರುಗುಪ್ಪದ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಅದನ್ನೂ ಓದಿದ. ನೂರನಲವತ್ತು ಪುಟ ಪ್ರಿಂಟ್ ತೆಗೆಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಗೆರೆ ಎಳೆದ. ಎಲ್ಲ ಪುಟದಲ್ಲೂ ಮಕ್ಕಳು ನಗುತ್ತಿದ್ದರು. ನಗು ನಿಂತುಹೋದ ಮಗುವಿಗೆ ಏನು ಮಾಡಬೇಕೆಂದು ಹುಡುಕಿ ಹುಡುಕಿ ಕಣ್ಣು ಸೋತವು.

ಹೀಗೆ ಹುಡುಕುವಾಗಲೇ, ಮಕ್ಕಳಿಗೆ ಮನೆಯಲ್ಲಿ ಕಲಿಸುವ ತಂದೆತಾಯಿಯರ ಒಂದು ವಾಟ್ಸಾಪ್ ಗುಂಪು ಸಿಕ್ಕಿತು. ನೂರಾರು ಜನರಲ್ಲಿ ಬಳ್ಳಾರಿಯವರು ಒಬ್ಬರೇ, ಗಾಂಧಿನಗರದ ಗಂಗೋತ್ರಿ ಎಂಬ ಹೆಂಗಸು. ಒಂದು ಭಾನುವಾರ ಹೊನ್ನೂರಸ್ವಾಮಿ ಬಳ್ಳಾರಿಗೆ ಹೋದ. ಅವಳ ಮನೆಗೆ ಹೋಗುವ ಮೊದಲು ಒಂದು ಪುಸ್ತಕದ ಅಂಗಡಿ ಹೊಕ್ಕು, ಮನೆಯಲ್ಲಿ ಕಲಿಸುವುದಕ್ಕೆ ಗೈಡ್ ಇದೆಯೇ ಎಂದು ಕೇಳಿದ. ಅಂಗಡಿಯವನು ತಲೆಯನ್ನೂ ಎತ್ತದೆ, “ಎಷ್ಟನೇ ಕ್ಲಾಸು? ಪ್ರಶ್ನೆ ಉತ್ತರ ಎರಡೂ ಅದಾವು,” ಎಂದು ಐದನೆಯ ತರಗತಿಯ ಗೈಡನ್ನು ಮುಂದೆ ಎಸೆದ.

ಗಂಗೋತ್ರಿ ಡಾಕ್ಟರ ಹೆಂಡತಿ, ಮಗನಿಗೆ ನಾಲ್ಕು ವರ್ಷ ಮನೆಯಲ್ಲೇ ಕಲಿಸಿದವಳು. ನಡುಮನೆಯ ಒಂದು ಗೋಡೆ ಪೂರ್ತಿ ಪುಸ್ತಕ, ಮರದ ಮಣಿ, ಭೂಪಟ. ಹೊನ್ನೂರಸ್ವಾಮಿಯ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದಳು.

“ಪುಸ್ತಕ ಬೇಕಾದಷ್ಟು ಕೊಡ್ತೀನ್ರಿ, ಆದ್ರ ಈಗ ಬ್ಯಾಡ,” ಎಂದಳು. “ಆರು ತಿಂಗಳು ಆಕಿಗೆ ಏನೂ ಕಲಿಸಬ್ಯಾಡ್ರಿ. ಜೊತಿಗೆ ಕುಂತು ಊಟ ಮಾಡ್ರಿ, ಕತಿ ಹೇಳ್ರಿ, ಸಂತಿಗೆ ಕರ್ಕೊಂಡು ಹೋಗ್ರಿ. ಮೊದ್ಲು ಆಕಿ ಮೈಯಾಗಿನ ಹೆದ್ರಿಕಿ ಇಳೀಬೇಕು.”

“ಆರು ತಿಂಗಳೇನ್ರಿ?”

“ಕಮ್ಮಿ ಅಂದ್ರ. ಮೇಷ್ಟ್ರಿಗೆ ಇದು ಭಾಳ ಕಷ್ಟ ನೋಡ್ರಿ.”

ನೂರನಲವತ್ತು ಪುಟದಲ್ಲಿ ಸಿಗದ ಮಾತು ಅದು. ಹೊನ್ನೂರಸ್ವಾಮಿ ಕೈಮುಗಿದು ಎದ್ದ. ಆದರೆ ಬೈಕು ಊರು ದಾಟುವುದರೊಳಗೆ ಅವನಿಗೆ ಸಿಟ್ಟು ಬಂದಿತ್ತು. ಆರು ತಿಂಗಳು ಸುಮ್ಮನಿರುವುದು ಇದ್ದವರಿಗೆ ಒಪ್ಪುತ್ತದೆ. ಡಾಕ್ಟರ ಮಗ ಆರು ತಿಂಗಳು ಆಡಿಕೊಂಡಿದ್ದರೂ ಡಾಕ್ಟರ ಮಗನೇ. ಕೂಲಿ ಮಾಡಿ ಬದುಕಿದ ತನ್ನಪ್ಪ ಹುಲುಗಪ್ಪನ ಮೊಮ್ಮಗಳು ಆರು ತಿಂಗಳು ಪುಸ್ತಕ ಬಿಟ್ಟರೆ ಏನಾಗುತ್ತಾಳೆ ಎಂಬುದನ್ನು ಅವನು ದೇಶನೂರಿನ ಹೊಲಗಳಲ್ಲಿ ಕಣ್ಣಾರೆ ಕಂಡಿದ್ದ.

ಹಾದಿಯಲ್ಲಿ ಕುರುಗೋಡಿಗೆ ಹೋಗಿ ಅಪ್ಪನಿಗೆ ವಿಷಯ ತಿಳಿಸಿದ. ಹುಲುಗಪ್ಪ ಮಂದಿಯ ಗದ್ದೆಯಲ್ಲಿ ನಾಟಿ ಕೊಯ್ಲು ಮಾಡಿಯೇ ಮಗನನ್ನು ಮೇಷ್ಟ್ರು ಮಾಡಿದವನು.

“ನಮ್ಮ ಕಾಲದಾಗ ನಮ್ಮನ್ನ ಸಾಲಿ ಹೊರಗ ಕುಂದ್ರಸ್ತಿದ್ರು,” ಎಂದ. “ಹೊರಗ ಕುಂತು ಕೇಳಿ ಕೇಳಿ ನನ್ನ ಹೆಸರು ಬರಿಯಾಕ ಕಲ್ತೆ. ನಿನ್ನ ಒಳಗ ಕುಂದ್ರಸಾಕ ಎಷ್ಟು ಮಂದಿ ಕಾಲು ಹಿಡದೀನಿ, ನಿನಗ ಗೊತ್ತೈತಿ. ಈಗ ನೀನಾ ನಿನ್ನ ಮಗಳನ್ನ ಹೊರಗ ತಂದು ಕುಂದ್ರಸ್ತಿಯೇನು?”

“ಹೊರಗಲ್ಲಪ್ಪ. ಮನ್ಯಾಗ. ಸಾಲಿಗಿಂತ ಚೊಲೋ ಕಲಿಸ್ತೀನಿ.”

ಹೇಳಿದ್ದನ್ನು ಮಾಡಿ ತೋರಿಸುವ ಹಟ ಅಲ್ಲಿಯೇ ಹುಟ್ಟಿತು. ಗಂಗೋತ್ರಿಯ ಮಾತಿಗೆ ಆ ಕ್ಷಣವೇ ಎಳ್ಳುನೀರು ಬಿಟ್ಟ.

ಸೋಮವಾರ ನಡುಮನೆಯ ಗೋಡೆಗೆ ಡ್ರಾಯಿಂಗ್ ಶೀಟಿನ ಮೇಲೆ ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದ ವೇಳಾಪಟ್ಟಿ ಬಂತು. ಬೆಳಿಗ್ಗೆ ಆರರಿಂದ ಏಳೂಮುಕ್ಕಾಲು ಅಪ್ಪನ ಪಾಠ. ಮಧ್ಯಾಹ್ನ ಅಮ್ಮ ಜಯಶ್ರೀಯ ಕಾವಲಿನಲ್ಲಿ ಕಾಪಿ ಬರೆಯುವುದು. ಸಂಜೆ ಐದೂವರೆಯಿಂದ ಮತ್ತೆ ಅಪ್ಪ. ಒಬ್ಬಳೇ ವಿದ್ಯಾರ್ಥಿನಿಯಾದರೂ ಹಾಜರಿ ಪುಸ್ತಕ ಇಟ್ಟ. ಮೊದಲ ದಿನ ಹೆಸರು ಕೂಗಿದಾಗ ಅಕ್ಷಿತಾ “ಹಾಜರ್ ಸರ್” ಎಂದು ಕಿಸಕ್ಕನೆ ನಕ್ಕಳು. ತಿಂಗಳುಗಳ ಮೇಲೆ ಕೇಳಿದ ನಗು. ಜಯಶ್ರೀ ಅಡಿಗೆ ಮನೆಯಿಂದ ಓಡಿ ಬಂದು ನೋಡಿದಳು. ತಟ್ಟೆಯಲ್ಲಿ ಅಕ್ಕಿತೌಡು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸಿದ. ಎಂಟು ದಿನದಲ್ಲಿ ಅವಳು ಸ್ವರಗಳನ್ನೆಲ್ಲ ತಪ್ಪಿಲ್ಲದೆ ತಿದ್ದಿದಳು. ಹೊನ್ನೂರಸ್ವಾಮಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಗಾಂಧಿನಗರದವರಿಗೆ ಏನು ಗೊತ್ತು ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡ.

ಒಂಬತ್ತನೆಯ ದಿನ ಪರೀಕ್ಷೆ ಇಟ್ಟ. ಇಡದೆ ಇರುವುದು ಅವನಿಂದ ಆಗುತ್ತಿರಲಿಲ್ಲ, ಕಲಿಸಿದ ಮೇಲೆ ಪರೀಕ್ಷೆ ಇಡಬೇಕೆಂಬುದು ಅವನ ರಕ್ತದಲ್ಲೇ ಇತ್ತು. ತೌಡಿನಲ್ಲಿ ಸುಲಭವಾಗಿ ಬಂದ ಅಕ್ಷರಗಳು ಕಾಗದದ ಮೇಲೆ ಬರಲಿಲ್ಲ. ಹೆದರಿದ ಅಪ್ಪನಿಗೆ ಬುದ್ಧಿ ಓಡುತ್ತದೆಯೇ? ಪಾಠವನ್ನು ಅರ್ಧ ತಾಸು ಹೆಚ್ಚಿಸಿದ. ಆಮೇಲೆ ಭಾನುವಾರವನ್ನೂ ಸೇರಿಸಿದ. ಪಟ್ಟಿಯಲ್ಲಿದ್ದ ‘ಆಟ’ ಎಂಬ ಹಸಿರು ಚೌಕದ ಮೇಲೆ ‘ಮರು ಓದು’ ಎಂದು ಅಂಟಿಸಿದ. ಅಕ್ಷಿತಾ ಒಂದು ದಿನವೂ ಆಗುವುದಿಲ್ಲ ಎನ್ನಲಿಲ್ಲ. ಹೆಸರು ಕೂಗಿದಾಗ ಈಗ ನಗು ಇರಲಿಲ್ಲ, ಉತ್ತರ ಮಾತ್ರ ಇತ್ತು. ಅವನು ಅದನ್ನು ಶಿಸ್ತು ಎಂದು ತಿಳಿದ.

ಫೆಬ್ರವರಿಯ ಒಂದು ಬೆಳಿಗ್ಗೆ ನಾಲ್ಕು ಪದದ ಒಂದು ವಾಕ್ಯ ಓದಲು ಕೊಟ್ಟ. ಅಕ್ಷಿತಾ ಮೊದಲ ಪದದಲ್ಲೇ ತಡವರಿಸಿದಳು. ಮತ್ತೆ ಓದಿಸಿದ. ಆರನೆಯ ಸಲವೂ ಅದೇ ಜಾಗದಲ್ಲಿ ನಿಂತಳು. ಗಡಿಯಾರದಲ್ಲಿ ಏಳೂವರೆ.

“ಇಷ್ಟೂ ಬರಂಗಿಲ್ಲೇನು? ಹಂಗಾರ ಎಮ್ಮಿ ಕಾಯಾಕ ಹೋಗು,” ಎಂದ.

ಕೂಗಿ ಹೇಳಿದ ಮಾತಲ್ಲ. ಹಿಂದಿನ ಬೆಂಚಿನವರೆಗೆ ಮುಟ್ಟುವ ಅವನ ಎಂದಿನ ದನಿ, ಹದಿನಾರು ವರ್ಷ ಆಡಿ ಆಡಿ ಸವೆದ ಮಾತು. ಅಕ್ಷಿತಾ ಪುಸ್ತಕವನ್ನು ಮೆಲ್ಲಗೆ ಮುಚ್ಚಿಟ್ಟು ಬಚ್ಚಲಿಗೆ ಓಡಿದಳು. ವಾಂತಿಯ ಸದ್ದು ನಡುಮನೆಗೆ ಕೇಳಿಸಿತು.

ಜಯಶ್ರೀ ಮಗಳ ಬೆನ್ನು ನೀವುತ್ತಿದ್ದಳು. ಬಾಗಿಲಲ್ಲಿ ಬಂದು ನಿಂತ ಗಂಡನ ಕಡೆ ತಿರುಗಲಿಲ್ಲ.

“ಆ ಸಾಲಿಗೆ ಹೋಗುವಾಗ ಸಂಜಿಗಾದ್ರೂ ಮನಿಗೆ ಬರ್ತಿದ್ಳು,” ಎಂದಳು. “ಈಗ ಬರಾಕ ಮನೀನೂ ಉಳದಿಲ್ಲ.”

ಆ ಮಾತು ಅವನ ಬೆನ್ನು ಹತ್ತಿ ದೇಶನೂರಿಗೂ ಬಂತು. ನಾಲ್ಕನೆಯ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಕ್ಕಳು ಅವನು ಒಳಗೆ ಬಂದ ಕೂಡಲೇ ತಲೆ ತಗ್ಗಿಸಿದರು. ದಿನಾ ತಗ್ಗಿಸುತ್ತಿದ್ದವರೇ, ಅವನು ನೋಡಿದ್ದು ಇವತ್ತು. ಎರಡು ವರ್ಷದ ಹಿಂದೆ ಅಂಜನಾ ಎಂಬ ಹುಡುಗಿ ಇದೇ ಸಾಲಿನಿಂದ ಎದ್ದು ಹೋದವಳು ತಿರುಗಿ ಬರಲಿಲ್ಲ. ಅವಳೂ ಓದುವಾಗ ಹೀಗೇ ತಡವರಿಸುತ್ತಿದ್ದಳು. ಶಾಲೆ ಬಿಟ್ಟ ಕಾರಣ ಎಂಬ ಕಾಲಮ್ಮಿನಲ್ಲಿ ‘ಪಾಲಕರ ನಿರ್ಲಕ್ಷ್ಯ’ ಎಂದು ಅವನೇ ದುಂಡಗೆ ಬರೆದು ಸಹಿ ಹಾಕಿದ್ದ. ಅಂಜನಾಳ ತಾಯಿ ಹೊಲದ ಬದುವಿನಲ್ಲಿ ಅವನಿಗೆ ಏನೋ ಹೇಳಲು ಬಂದಿದ್ದಳು, ಅವನು ಕೇಳಿಸಿಕೊಂಡಿರಲಿಲ್ಲ. ಅಕ್ಷಿತಾಳ ಹೆಸರಿನ ಮುಂದೆ ಇನ್ಯಾರಾದರೂ ಅದೇ ಎರಡು ಪದ ಬರೆದರೆ ತಾನು ಏನೆಂದು ವಾದಿಸಲಿ? ಕರಿಹಲಗೆಯ ಕಡೆ ಮುಖ ಮಾಡಿ ನಿಂತವನು, ಮಕ್ಕಳಿಗೆ ಕಣ್ಣೀರು ಕಾಣಬಾರದೆಂದು ಅಂದಿನ ದಿನಾಂಕವನ್ನು ಎರಡೆರಡು ಸಲ ಬರೆದ.

ಸಂಜೆ ಮನೆಗೆ ಬಂದವನೇ ಚಹಾ ಕೂಡ ಕುಡಿಯದೆ ಗೋಡೆಯಿಂದ ವೇಳಾಪಟ್ಟಿ ಕಿತ್ತ. ನೂರನಲವತ್ತು ಪುಟ, ಗೈಡು, ಹಾಜರಿ ಪುಸ್ತಕ, ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದ. ಅಕ್ಷಿತಾ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಗಂಗೋತ್ರಿ ಹೇಳಿದ್ದನ್ನು ಮೂರು ತಿಂಗಳು ತಡವಾಗಿಯಾದರೂ ಮಾಡುತ್ತಿದ್ದೇನೆ, ಇನ್ನಾದರೂ ಮಗಳು ಉಸಿರಾಡುತ್ತಾಳೆ ಎಂದುಕೊಂಡ.

“ನಾಳಿಂದ ಪಾಠ ಇಲ್ಲವ್ವ,” ಎಂದ. “ಎಲ್ಲಾ ಬಂದ್.”

ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ.

“ನನಗ ಬರಂಗಿಲ್ಲ ಅಂತೇನು?”

“ಹಂಗಲ್ಲವ್ವ. ಸುಮ್ನ ಆರಾಮ ಇರು ಅಂತ.”

ಅಕ್ಷಿತಾ ಒಳಗೆ ಹೋದಳು. ಆಡಲು ಏನಾದರೂ ತರುತ್ತಾಳೆಂದು ಅವನು ನೆಲದ ಮೇಲೆ ಕುಳಿತು ಕಾದ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಊರಿಗೆ ಹೋಗುವಾಗ ಹಾಕಿಕೊಳ್ಳುವ ಚೂಡಿದಾರ ಹಾಕಿಕೊಂಡಿದ್ದಳು. ತಲೆಯನ್ನು ತಾನೇ ಬಾಚಿಕೊಂಡಿದ್ದಳು, ಬೈತಲೆ ಸೊಟ್ಟಗಿತ್ತು. ಕೈಯಲ್ಲಿದ್ದ ಬಟ್ಟೆಯ ಚೀಲದಲ್ಲಿ ಎರಡು ಫ್ರಾಕು, ಹಲ್ಲುಜ್ಜುವ ಬ್ರಶ್ಶು, ಟವೆಲು.

“ಸಾಲೀನೂ ಆತು, ಮನೀನೂ ಆತು. ಈಗ ಎಲ್ಲಿಗೆ ಬಿಡ್ತೀರಿ ನನ್ನ?” ಎಂದು ಕೇಳಿದಳು. ಅಳುತ್ತಿರಲಿಲ್ಲ. ದಾರಿ ಕೇಳುವವರ ದನಿಯಲ್ಲಿ ಕೇಳಿದಳು.

ಹೊನ್ನೂರಸ್ವಾಮಿ ನೆಲದಿಂದ ಎದ್ದ. “ಎಲ್ಲಿಗೂ ಇಲ್ಲವ್ವ. ಇದು ನಿನ್ನ ಮನಿ. ಓದಾಕ ಬರಲಿ, ಬರದಿರಲಿ, ನೀನು ಇಲ್ಲೇ ಇರಾಕಿ,” ಎಂದ. ಬಾಯಿಂದ ಬಂದದ್ದು ಅವನು ಅಂದುಕೊಂಡ ದನಿಯಲ್ಲ. ಅದು ಅದೇ ತರಗತಿಯ ದನಿ, ನಡುಗುತ್ತಿತ್ತು, ಅಷ್ಟೇ.

ಅಕ್ಷಿತಾ ಪಾಠ ಕೇಳಿಸಿಕೊಂಡವಳಂತೆ ತಲೆಯಾಡಿಸಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಚೀಲವನ್ನು ಎದೆಗೆ ಹಿಡಿದು, ಅವನು ಬಂದು ಕರೆದುಕೊಂಡು ಹೋಗಲೆಂದು ಬೈಕಿನ ಪಕ್ಕದಲ್ಲಿ ನಿಂತಳು.