ಪುಸ್ತಕದಲ್ಲಿ ಬರೆಯದ ನಾಯಿಗಳು

ಫೆಬ್ರವರಿ ಬಂತೆಂದರೆ ನಮ್ಮ ಪಿನ್ಸನ್ ಕೌಂಟಿಯ, ಅಂದರೆ ಜಿಲ್ಲೆಯ, ಗುಡ್ಡಗಳಲ್ಲಿ ಕುರಿ ಸಾಕುವವರಿಗೆ ನೆಮ್ಮದಿ ಇಲ್ಲ. ಕುರಿಗಳು ಈಯುವ ಕಾಲ. ಡೆಲ್ಫಾ ಸ್ಪರ್ಲಾಕ್ ಮತ್ತು ಅವಳ ಗಂಡ ಕ್ಲೋವಿಸ್‌ನ ಹಟ್ಟಿಯಲ್ಲಿ ಆ ವರ್ಷ ಮೂವತ್ತೊಂದು ಗಬ್ಬದ ಕುರಿಗಳಿದ್ದವು. ಹತ್ತನೇ ತಾರೀಖಿನ ಹೊತ್ತಿಗೆ ಇಪ್ಪತ್ತಾರು ಉಳಿದವು. ಐದನ್ನು ನಾಯಿಗಳು ಹರಿದುಹಾಕಿದ್ದವು.

ಯಾರ ನಾಯಿ? ಯಾರದೂ ಅಲ್ಲ. ಪೇಟೆಯವರಿಗೆ ಸಾಕಿದ ನಾಯಿ ಬೇಡವಾದರೆ ಕಾರಿನಲ್ಲಿ ಕೂರಿಸಿಕೊಂಡು ಬಂದು ನಮ್ಮ ಸ್ಮಶಾನದ ತಿರುವಿನಲ್ಲಿ ಇಳಿಸಿ ಹೋಗುತ್ತಾರೆ. ಹಳ್ಳಿಯವರು ಹೇಗೂ ಒಂದು ತುತ್ತು ಹಾಕುತ್ತಾರೆ ಅನ್ನೋ ಧೈರ್ಯ. ಹಾಕುತ್ತೇವೆ, ಸುಳ್ಳಲ್ಲ. ಒಂದಕ್ಕೆ ಹಾಕಬಹುದು, ಎರಡಕ್ಕೆ ಹಾಕಬಹುದು. ಹನ್ನೊಂದಕ್ಕೆ ಯಾರು ಹಾಕುತ್ತಾರೆ? ಹಸಿದ ಹನ್ನೊಂದು ನಾಯಿ ಒಟ್ಟಾದರೆ ಅದು ದಂಡು.

ಹನ್ನೆರಡನೇ ತಾರೀಖು ಬೆಳಿಗ್ಗೆ ಕುರಿಗಳು ಕಿರುಚಿದವು. ಕ್ಲೋವಿಸ್ ಬಂದೂಕು ಹಿಡಿದು ಓಡಿದ. ಮಂಜು ಕವಿದಿತ್ತು. ಹಟ್ಟಿಯ ಮೂಲೆಯಲ್ಲಿ ನಾಯಿಗಳು ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದವು, ಒಂದು ಕೆಂದು ನಾಯಿ ಮಾತ್ರ ಬಿದ್ದ ಕುರಿಯ ಪಕ್ಕದಲ್ಲೇ ನಿಂತಿತ್ತು. ಕ್ಲೋವಿಸ್ ಗುರಿಯಿಟ್ಟು ಹೊಡೆದ.

ಹತ್ತಿರ ಹೋಗಿ ನೋಡಿದರೆ ಅದು ಪೆಗ್ಗಿ. ಪಕ್ಕದ ಹೊಲದ ಎಮೆಟ್ ಪೊಟೀಟ್‌ನ ನಾಯಿ. ಆ ದಂಡನ್ನು ಓಡಿಸೋದಕ್ಕೆ ಬೇಲಿ ಹಾರಿ ಬಂದಿತ್ತು, ಪಾಪ. ಕೊರಳಲ್ಲಿ ಪಟ್ಟಿ ಇರಲಿಲ್ಲ. ನಮ್ಮ ಕಡೆ ಬೇಟೆ ನಾಯಿಗೆ ಯಾರೂ ಪಟ್ಟಿ ಕಟ್ಟುವುದಿಲ್ಲ, ಮುಳ್ಳುಪೊದೆಗೆ ಸಿಕ್ಕಿಕೊಳ್ಳುತ್ತದೆ ಅಂತ. ಪೆಗ್ಗಿಗೆ ಚುಚ್ಚುಮದ್ದು ಹಾಕಿಸಿದ ಬಿಲ್ಲೆ ಎಮೆಟ್‌ನ ಕೊಟ್ಟಿಗೆಯ ಮೊಳೆಯಲ್ಲಿ ತೂಗುತ್ತಿತ್ತು.

ಗುಂಡಿನ ಸದ್ದಿಗೆ ಎಮೆಟ್ ಬಂದ. ತನ್ನ ಕೋಟು ಬಿಚ್ಚಿ ಪೆಗ್ಗಿಯನ್ನು ಸುತ್ತಿ ಎತ್ತಿಕೊಂಡ. ಎರಡು ಹೊಲಗಳ ನಡುವೆ ಒಂದು ಗೇಟಿದೆ. ಮೂವತ್ತು ವರ್ಷ ಅದಕ್ಕೆ ಚಿಲಕವನ್ನೇ ಹಾಕಿರಲಿಲ್ಲ. ಆ ಸಂಜೆ ಅದಕ್ಕೆ ಸರಪಳಿ ಬಿತ್ತು.

ಡೆಲ್ಫಾ ಅಡುಗೆಮನೆ ಕಿಟಕಿಯಿಂದ ಆ ಸರಪಳಿ ನೋಡಿದಳು. ಕುರಿಗಳು ಹೋದಾಗ ಅಳದವಳು ಆಗ ಅತ್ತಳು.

ಎರಡು ದಿನ ಬಿಟ್ಟು ವನೀಟಾ ಬಂದಳು. ವನೀಟಾ ಟಪಾಲು ಹಂಚುವವಳು, ಡೆಲ್ಫಾಳ ಶಾಲೆಯ ಗೆಳತಿ. ಈ ಕೌಂಟಿಯ ಅರ್ಧ ನಾಯಿಗಳು ಅವಳ ಹಿಂದೆ ಓಡಿವೆ, ಒಂದು ಅವಳ ಮೀನಖಂಡಕ್ಕೆ ಬಾಯಿ ಹಾಕಿದೆ. ಕಡಿದ ಕೂಡಲೇ ಸೋಪು ಹಚ್ಚಿ ಹದಿನೈದು ನಿಮಿಷ ನಲ್ಲಿಯ ಕೆಳಗೆ ತೊಳೆದು ನೇರ ಆಸ್ಪತ್ರೆಗೆ ಹೋದವಳು ಅವಳು. ಆ ನಾಯಿಗೆ ಮದ್ದು ಹಾಕಿಸಿದ್ದರೋ ಇಲ್ಲವೋ ಹೇಳುವವರಿರಲಿಲ್ಲ, ಹಾಗಾಗಿ ಅಷ್ಟೂ ಸೂಜಿ ಚುಚ್ಚಿಸಿಕೊಂಡಳು.

"ಸೋಮವಾರ ಸಂಜೆ ಆರಕ್ಕೆ ಕೌಂಟಿ ಕಮಿಷನ್ ಸಭೆ ಇದೆ ಕಣೇ," ಅಂದಳು, ಕಾಫಿ ಊದುತ್ತಾ. "ನಾಯಿ ಹಿಡಿಯೋ ಕೆಲಸಾನೇ ತೆಗೆದುಹಾಕ್ತಾರಂತೆ."

ಕ್ಲೋವಿಸ್ ಒಲೆಯ ಪಕ್ಕದಿಂದಲೇ ಗೊಣಗಿದ. "ತೆಗೀಲಿ ಬಿಡು. ಇಷ್ಟು ದಿನ ಆ ನಾಯಿ ಹಿಡಿಯೋ ಹಾಯ್ಟ್ ಏನು ಕಡಿದು ಕಟ್ಟೆ ಹಾಕಿದ?"

"ಯಾಕೆ ತೆಗೀತಾರೆ ಗೊತ್ತಾ? ಹೋದ ವರ್ಷ ಇಡೀ ಕೌಂಟಿಯಿಂದ ಬಂದ ದೂರು ಬರೀ ಒಂಬತ್ತು ಅಂತೆ."

ಡೆಲ್ಫಾಳ ಕೈಯಲ್ಲಿದ್ದ ಬೀನ್ಸ್ ಪಾತ್ರೆ ಅಲ್ಲೇ ನಿಂತಿತು. "ಒಂಬತ್ತಾ? ನಾನೊಬ್ಬಳೇ ಒಂಬತ್ತು ಸಲ ಹೇಳಿದೀನಲ್ಲೇ!"

"ಯಾರಿಗೆ ಹೇಳಿದೆ?"

"ಹಾಯ್ಟ್‌ಗೆ. ಇನ್ಯಾರಿಗೆ?"

"ಎಲ್ಲಿ ಹೇಳಿದೆ?"

"ಎಲ್ಲಿ ಅಂದ್ರೆ... ಚರ್ಚ್ ಅಂಗಳದಲ್ಲಿ ಹೇಳಿದೀನಿ. ಮೇವಿನ ಅಂಗಡೀಲಿ ಹೇಳಿದೀನಿ. ಅವರಮ್ಮನ ಮಣ್ಣಿಗೆ ಹೋದಾಗಲೂ ಹೇಳಿದೀನಿ."

"ಶವದ ಪೆಟ್ಟಿಗೆ ಪಕ್ಕ ನಿಂತ್ಕೊಂಡಾ?"

"ಹೊರಗಡೆ ಕಣೇ! ಅಷ್ಟೂ ಬುದ್ಧಿ ಇಲ್ವಾ ನನಗೆ?"

"ಸರಿ, ಬರ್ಕೊಂಡ್ನಾ?"

"ಬರ್ಕೊಳ್ಳೋದ್ಯಾಕೆ? ಹಾಯ್ಟ್ ನಮ್ಮ ಚಿಕ್ಕಮ್ಮನ ಅಳಿಯ. ಹೇಳಿದ್ರೆ ಸಾಲದಾ?"

"ಸಾಲದು," ಅಂದಳು ವನೀಟಾ. "ಕಮಿಷನ್‌ನವರಿಗೆ ಅವನು ಅಳಿಯ ಅಲ್ವಲ್ಲ. ಅವರು ನೋಡೋದು ಪುಸ್ತಕ. ಕೌಂಟಿ ಕಚೇರಿ ಇರೋ ಕೋರ್ಟ್ ಕಟ್ಟಡದ ನಂಬರಿಗೆ ಫೋನ್ ಮಾಡಿದ್ರೆ ಅಲ್ಲಿನ ಗುಮಾಸ್ತೆ ಪುಸ್ತಕದಲ್ಲಿ ಬರೀತಾಳೆ. ನಮ್ಮೂರಲ್ಲಿ ಆ ನಂಬರಿಗೆ ಯಾರು ಮಾಡ್ತಾರೆ ಹೇಳು? ಎಲ್ಲರಿಗೂ ಹಾಯ್ಟ್ ಗೊತ್ತು, ಎಲ್ಲರೂ ದಾರೀಲೇ ಹಿಡಿದು ಹೇಳ್ತಾರೆ. ಅವನು 'ಆಯ್ತಕ್ಕಾ' ಅಂತಾನೆ, ನಾಲ್ಕು ಹೆಜ್ಜೆ ಹೋಗಿ ಮರೀತಾನೆ."

"ಇದೆಲ್ಲ ನಿನಗ್ಯಾರು ಹೇಳಿದ್ರು?" ಕ್ಲೋವಿಸ್ ಕೇಳಿದ.

"ಯಾರೂ ಹೇಳಿಲ್ಲ. ಹೋಗಿ ಪುಸ್ತಕ ತೋರಿಸಿ ಅಂದೆ, ತೋರಿಸಿದ್ರು. ತೋರಿಸಲೇಬೇಕು ಕಣೋ, ಅದು ನಮ್ಮ ಪುಸ್ತಕ. ಯಾರು ಬೇಕಾದ್ರೂ ಕೇಳಬಹುದು. ಇಷ್ಟು ವರ್ಷದಲ್ಲಿ ಕೇಳಿದವಳು ನಾನೇ ಮೊದಲು ಅಂತೆ, ಆ ಹುಡುಗಿ ಧೂಳು ಒರೆಸಿ ಕೊಟ್ಟಳು."

ಹಾಯ್ಟ್‌ನನ್ನೇ ಕೇಳಿಬಿಡೋಣ ಅಂತ ಡೆಲ್ಫಾ ಅವತ್ತೇ ಪಿಕಪ್ ಹತ್ತಿ, ಹಿಡಿದ ನಾಯಿಗಳನ್ನು ಕೂಡುವ ದೊಡ್ಡಿಗೆ ಹೋದಳು. ಹುಟ್ಟಿದಾಗಿನಿಂದ ಅದೇ ಕೌಂಟಿಯಲ್ಲಿದ್ದರೂ ಆ ದೊಡ್ಡಿಯ ಬಾಗಿಲು ದಾಟಿದ್ದು ಅದೇ ಮೊದಲು. ಹನ್ನೆರಡು ಬೋನು, ಒಳಗೆ ಹತ್ತೊಂಬತ್ತು ನಾಯಿ. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಯ್ಟ್ ಒಬ್ಬನೇ ಗುಡಿಸುತ್ತಿದ್ದ.

ಬೈಯಬೇಕೆಂದೇ ಹೋಗಿದ್ದಳು, ಬೈದಳು ಕೂಡ. ಹಾಯ್ಟ್ ಪೊರಕೆ ಊರಿಕೊಂಡು ಎಲ್ಲ ಕೇಳಿದ. "ಬರೀಲಿಲ್ಲ ಅಕ್ಕಾ. ನನ್ನ ತಪ್ಪೇ," ಅಂದ. "ಒಂದು ಲಾರಿ, ಒಬ್ಬ ಮನುಷ್ಯ, ಇಡೀ ಕೌಂಟಿ. ಆದ್ರೂ ಬರೀಬೇಕಿತ್ತು. ನೋಡು, ಆರು ವರ್ಷ ಆಯ್ತು. ಕಮಿಷನ್‌ನವರು ಯಾರಾದ್ರೂ ಇಲ್ಲಿಗೆ ಬಂದು ಏನಯ್ಯಾ ಹಾಯ್ಟ್, ಹೇಗಿದೆ ಅಂತ ಕೇಳಿದ್ದು ನನಗೆ ನೆನಪಿಲ್ಲ. ನೀನೂ ಬಂದಿರಲಿಲ್ಲ."

ಆ ಕೊನೆಯ ಮಾತು ಡೆಲ್ಫಾಗೆ ಚುಚ್ಚಿತು. ನಿಜ ಯಾವಾಗಲೂ ಹಾಗೇ. ಮನೆಗೆ ಬರುವಷ್ಟರಲ್ಲಿ ಅವಳು ತೀರ್ಮಾನ ಮಾಡಿದ್ದಳು.

"ಸೋಮವಾರ ನಾನು ಸಭೆಗೆ ಹೋಗ್ತೀನಿ," ಅಂದಳು ಗಂಡನಿಗೆ.

"ಕೋಣನ ಮುಂದೆ ಕಿನ್ನರಿ ಬಾರಿಸೋಕಾ? ನನಗೆ ಬಂದೂಕಿದೆ. ಅದೂ ಸಾಲದಿದ್ರೆ ಮಾಂಸಕ್ಕೆ ವಿಷ ಹಾಕಿ ಬೇಲಿಗೆ ಇಡ್ತೀನಿ."

"ಬಂದೂಕು ಯಾರಿಗೆ ತಾಗ್ತು ಅಂತ ನೋಡಿದ್ಯಲ್ಲ. ವಿಷ ಯಾರು ತಿಂತಾರೆ ಅಂತಾನೂ ನೋಡಬೇಕಾ?"

ಕ್ಲೋವಿಸ್ ಒಲೆಯ ಕಡೆ ಮುಖ ತಿರುಗಿಸಿದ. ಆಮೇಲೆ ವಿಷದ ಮಾತು ಎತ್ತಲಿಲ್ಲ.

ಶನಿವಾರ ಊರಿನ ಅಗ್ನಿಶಾಮಕ ಲಾರಿ ನಿಲ್ಲಿಸುವ ಶೆಡ್ಡಿನಲ್ಲಿ ಮೀನಿನೂಟ. ವರ್ಷಕ್ಕೊಮ್ಮೆ ಊರೆಲ್ಲ ಅಲ್ಲಿ ಸೇರುತ್ತದೆ, ಹುರಿದ ಮೀನು, ಮೆಕ್ಕೆಜೋಳದ ಬ್ರೆಡ್ಡು, ಸಿಹಿ ಚಹಾ. ಡೆಲ್ಫಾ ಮೀನಿನ ತಟ್ಟೆಗಳ ಮುಂದೆಯೇ ಒಂದು ಮೇಜು ಹಾಕಿಕೊಂಡು ಕಾಗದ, ಪೆನ್ನು ಹರಡಿ ಕೂತಳು. ದಾಟಿ ಹೋಗುವುದಕ್ಕೆ ಬೇರೆ ದಾರಿಯೇ ಇರಲಿಲ್ಲ.

"ಮೀನು ತಿನ್ನೋಕೆ ಮುಂಚೆ ನಾಯಿ ಬರೀರಿ!" ಅಂತ ವನೀಟಾ ಕೂಗಿದಳು. ಅವತ್ತು ಅವಳ ಮೈಮೇಲೆ ಟಪಾಲಿನ ಸರ್ಕಾರಿ ಅಂಗಿ ಇರಲಿಲ್ಲ, ಹಾಗಾಗಿ ಕೂಗುವುದಕ್ಕೆ ಅಡ್ಡಿಯೂ ಇರಲಿಲ್ಲ. "ಯಾವತ್ತು, ಎಲ್ಲಿ, ಏನಾಯ್ತು. ಇಷ್ಟೇ ಸಾಕು. ಪುರಾಣ ಬೇಡ."

ಮೊದಲು ನಕ್ಕರು. ಆಮೇಲೆ ಒಬ್ಬಳು ಬರೆದಳು, ಕೋಳಿಗಳು ಹೋದದ್ದು. ಇನ್ನೊಬ್ಬ ಬರೆದ, ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದದ್ದು. ಸ್ಮಶಾನದಲ್ಲಿ ಗಂಡನ ಸಮಾಧಿಗೆ ಹೂವಿಡಲು ಹೋಗಲಾರದೆ ಕಾರಿನಲ್ಲೇ ಕೂತು ವಾಪಸ್ ಬಂದದ್ದನ್ನು ಒಬ್ಬ ಅಜ್ಜಿ ಬರೆದಳು. ಊಟ ಮುಗಿಯುವ ಹೊತ್ತಿಗೆ ಅರವತ್ತೆರಡು ಸಾಲಾಗಿತ್ತು.

ಎಮೆಟ್ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ. ಮೇಜಿನ ಹತ್ತಿರ ಬರಲಿಲ್ಲ, ಮೀನೂ ತಿನ್ನಲಿಲ್ಲ. ಡೆಲ್ಫಾ ಪೆನ್ನು ತೆಗೆದುಕೊಂಡು ಅರವತ್ತಮೂರನೆಯದನ್ನು ತಾನೇ ಬರೆದಳು.

ಕ್ಲೋವಿಸ್ ಬಗ್ಗಿ ಓದಿದ. ಅವನ ಮುಖ ಕೆಂಪಾಯಿತು. "ಅದನ್ನ ಯಾಕೆ ಬರೀತೀಯ? ಊರ ಮುಂದೆ ನಮ್ಮ ಮಾನ ಕಳೀತೀಯಾ?"

"ಎಲ್ಲರದ್ದೂ ಬರೆಸಿ ನಮ್ಮದು ಬಿಟ್ರೆ ಇದೂ ಸುಳ್ಳು ಪುಸ್ತಕಾನೇ ಕಣೋ," ಅಂದಳು ಡೆಲ್ಫಾ. ಆ ರಾತ್ರಿಯೇ ಪಟ್ಟಿಯನ್ನು ನೀಟಾಗಿ ನಕಲು ಮಾಡಿದಳು.

ಸೋಮವಾರ ಐದೂವರೆಗೇ ಹೋಗಿ ಬಾಗಿಲಲ್ಲಿದ್ದ ಹಾಳೆಯಲ್ಲಿ ಹೆಸರು ಬರೆದಳು. ಆರು ಗಂಟೆಯೊಳಗೆ ಹೆಸರು ಬರೆಯದಿದ್ದರೆ ಮಾತಾಡಲು ಬಿಡುವುದಿಲ್ಲ. ಒಬ್ಬರಿಗೆ ಮೂರೇ ನಿಮಿಷ. ಕೌಂಟಿ ನಡೆಸಲು ಜನ ಆರಿಸಿದ ಕಮಿಷನರ್‌ಗಳು ಹನ್ನೊಂದು ಜನ ಸಾಲಾಗಿ ಕೂತಿದ್ದರು. ಅಧ್ಯಕ್ಷರು ಒಳ್ಳೆಯ ಮನುಷ್ಯರೇ, ಆದರೆ ಗಡಿಯಾರಕ್ಕೆ ಕಟ್ಟುಬಿದ್ದವರು.

"ನಿಮ್ಮ ಪುಸ್ತಕದಲ್ಲಿ ಒಂಬತ್ತಿದೆ," ಅಂತ ಶುರುಮಾಡಿದಳು ಡೆಲ್ಫಾ. "ನನ್ನ ಹತ್ತಿರ ಅರವತ್ತಮೂರಿದೆ. ಓದ್ತೀನಿ, ಕೇಳಿ."

ಓದಿದಳು. ಮೊದಮೊದಲು ಕಮಿಷನರ್‌ಗಳು ತಮ್ಮ ಕಾಗದ ತಿರುವುತ್ತಿದ್ದರು. ಇಪ್ಪತ್ತು ದಾಟುವಾಗ ತಿರುವುವುದು ನಿಂತಿತು. ನಲವತ್ತೊಂದಕ್ಕೆ ಗಂಟೆ ಹೊಡೆಯಿತು.

"ಸಮಯ ಆಯ್ತಮ್ಮಾ," ಅಂದರು ಅಧ್ಯಕ್ಷರು.

"ಇನ್ನೂ ಇಪ್ಪತ್ತೆರಡಿವೆ ಸರ್."

"ನಿಯಮ ಎಲ್ಲರಿಗೂ ಒಂದೇ. ಮುಂದಿನ ಹೆಸರು..." ಅವರು ಹಾಳೆ ನೋಡಿದರು. "ಎಮೆಟ್ ಪೊಟೀಟ್."

ಡೆಲ್ಫಾ ತಿರುಗಿ ನೋಡಿದಳು. ಅವನು ಬಂದಿದ್ದೇ ಅವಳಿಗೆ ಗೊತ್ತಿರಲಿಲ್ಲ. ಹಿಂದಿನ ಸಾಲಿನಿಂದ ಎದ್ದು, ಟೋಪಿ ತೆಗೆದು, ನಿಧಾನವಾಗಿ ಮುಂದೆ ಬಂದ. ಅವಳ ಮುಂದೆ ಕೈ ಚಾಚಿದ.

"ಎಲ್ಲಿಗೆ ನಿಲ್ಲಿಸಿದೆ?"

"ನಲವತ್ತೊಂದು," ಅಂದಳು. ಕಾಗದವನ್ನು ಮಾತ್ರ ಅವಳು ತಕ್ಷಣ ಕೈಬಿಡಲಿಲ್ಲ, ಯಾಕೆಂದರೆ ಕೊನೆಯ ಸಾಲು ಏನೆಂದು ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಎಮೆಟ್ ಕನ್ನಡಕ ಹಾಕಿಕೊಂಡು ಓದಿದ. ನಲವತ್ತೆರಡು. ಐವತ್ತು. ಅರವತ್ತು. ಅರವತ್ತಮೂರಕ್ಕೆ ಬಂದು ನಿಂತ. ಹೆಂಡತಿಯ ಜೊತೆ ಬಂದಿದ್ದ ಕ್ಲೋವಿಸ್ ತಲೆ ತಗ್ಗಿಸಿದ್ದ.

"ಫೆಬ್ರವರಿ ಹನ್ನೆರಡು," ಎಮೆಟ್ ಓದಿದ. "ಎಮೆಟ್ ಪೊಟೀಟ್‌ನ ನಾಯಿ ಪೆಗ್ಗಿ. ನಮ್ಮ ಕುರಿ ಕಾಯಲು ಬಂದಿತ್ತು. ಬೀದಿನಾಯಿ ಎಂದು ತಿಳಿದು ನಾವೇ ಗುಂಡು ಹೊಡೆದು ಕೊಂದೆವು. ತಪ್ಪಾಯಿತು. ಡೆಲ್ಫಾ ಮತ್ತು ಕ್ಲೋವಿಸ್ ಸ್ಪರ್ಲಾಕ್."

ಕಾಗದ ಮಡಚಿದ. ಇನ್ನೂ ಸ್ವಲ್ಪ ಸಮಯ ಉಳಿದಿತ್ತು.

"ನನ್ನ ನಾಯಿ ಕೊರಳಲ್ಲಿ ಪಟ್ಟಿ ಇರ್ಲಿಲ್ಲ, ಅದು ನನ್ನ ತಪ್ಪು," ಅಂದ. "ಕ್ಲೋವಿಸ್ ಸರಿಯಾಗಿ ನೋಡದೆ ಹೊಡೆದ, ಅದು ಅವನ ತಪ್ಪು. ಅವನು ಒಪ್ಕೊಂಡಿದಾನೆ, ನಾನೂ ಒಪ್ಕೊಂಡೆ. ವರ್ಷಾನುಗಟ್ಟಲೆ ಈ ದಂಡು ಬೆಳೀತಾ ಇದ್ರೂ ಇಲ್ಲಿ ಯಾರೂ ಆ ಪುಸ್ತಕದಾಚೆ ನೋಡ್ಲಿಲ್ಲ, ಆ ದೊಡ್ಡಿಗೆ ಹೋಗಿ ಬರ್ಲಿಲ್ಲ. ಅದು ಯಾರ ತಪ್ಪು? ಅದನ್ನ ಕೇಳೋಕೆ ಬಂದೆ ಸ್ವಾಮಿ."

ಮತಕ್ಕೆ ಹಾಕಿದಾಗ ಏಳು ಕೈ ಒಂದು ಕಡೆ, ನಾಲ್ಕು ಕೈ ಇನ್ನೊಂದು ಕಡೆ ಎದ್ದವು. ಹಾಯ್ಟ್‌ನ ಕೆಲಸ ಉಳಿಯಿತು. ಬಂದ ಪ್ರತಿ ದೂರಿಗೂ ಒಂದು ನಂಬರು, ತಿಂಗಳಿಗೊಮ್ಮೆ ಆ ಪಟ್ಟಿಯನ್ನು ಬಹಿರಂಗ ಸಭೆಯಲ್ಲಿ ಓದಬೇಕು, ಊರಿನ ಮೂವರು ಯಾವಾಗ ಬೇಕಾದರೂ ಹೋಗಿ ದೊಡ್ಡಿಯನ್ನು ತಪಾಸಣೆ ಮಾಡಬಹುದು ಎಂದಾಯಿತು. ಮೂವರಲ್ಲಿ ಒಬ್ಬಳು ಡೆಲ್ಫಾ. ಸೂರಿನ ರಿಪೇರಿ ಮಾತ್ರ ಈ ವರ್ಷ ಆಗದು ಅಂದರು. ಅದನ್ನೂ ಅವಳು ಬಿಟ್ಟಿಲ್ಲ, ತಿಂಗಳಿಗೊಮ್ಮೆ ಎದ್ದು ನಿಂತು ಕೇಳುತ್ತಾಳೆ. ಅವಳನ್ನು ಕಂಡರೆ ಅಧ್ಯಕ್ಷರು ಈಗ ತಾವೇ ಮೊದಲು "ಸೂರು ತಾನೇ?" ಅನ್ನುತ್ತಾರೆ.

ಏಪ್ರಿಲ್ ಮುಗಿಯುವಷ್ಟರಲ್ಲಿ ಹಾಯ್ಟ್ ಬೋನಿಟ್ಟು ಆ ಹನ್ನೊಂದರಲ್ಲಿ ಒಂಬತ್ತನ್ನು ಹಿಡಿದ. ಹುಚ್ಚುನಾಯಿ ರೋಗದ ಮದ್ದು ಹಾಕುವ ಶಿಬಿರ ಅದೇ ಅಗ್ನಿಶಾಮಕ ಶೆಡ್ಡಿನಲ್ಲಿ ನಡೆಯಿತು. ಬೇಟೆ ನಾಯಿಗಳಿಗೆ ಕಿತ್ತಳೆ ಬಣ್ಣದ ಪಟ್ಟಿ ಬಂತು. ಮುಳ್ಳಿಗೆ ಸಿಕ್ಕರೆ ತಾನೇ ಕಳಚಿಕೊಳ್ಳುವ ಜಾತಿಯದು, ಮಂಜಿನಲ್ಲೂ ಎದ್ದು ಕಾಣುತ್ತದೆ. ಆ ವಸಂತದಲ್ಲಿ ಡೆಲ್ಫಾಳ ಹಟ್ಟಿಯಲ್ಲಿ ಉಳಿದ ಕುರಿಗಳೆಲ್ಲ ಈದವು.

ಇನ್ನು ಆ ಗೇಟು. ಸಭೆಯ ಮರುದಿನ ಬೆಳಿಗ್ಗೆ ಡೆಲ್ಫಾ ಕಿಟಕಿಯಿಂದ ನೋಡಿದಾಗ ಕ್ಲೋವಿಸ್ ಗೇಟಿನ ಈಚೆ ನಿಂತಿದ್ದ, ಎಮೆಟ್ ಆಚೆ. ಇಬ್ಬರೂ ಏನು ಮಾತಾಡಿದರೋ ಅವಳಿಗೆ ಕೇಳಿಸಲಿಲ್ಲ. ಎಮೆಟ್ ಸರಪಳಿ ಬಿಚ್ಚಿ ಜೇಬಿಗೆ ಹಾಕಿಕೊಂಡದ್ದು ಮಾತ್ರ ಕಂಡಿತು.

ಈಗ ಇದನ್ನು ಓದುತ್ತಿರುವ ನಿಮಗೆ ಒಂದು ಮಾತು. ನಿಮ್ಮೂರಿನ ಕಚೇರಿಗೆ ಹೆಸರು ಏನೇ ಇರಲಿ, ಅಲ್ಲೂ ಒಂದು ಪುಸ್ತಕ ಇರುತ್ತದೆ, ಇಲ್ಲದಿದ್ದರೆ ಇರಬೇಕು. ನಾಯಿ ಕಾಟವಾದರೆ ದಾರಿಯಲ್ಲಿ ಸಿಕ್ಕವರಿಗೆ ಹೇಳಿ ಕೈತೊಳೆದುಕೊಳ್ಳಬೇಡಿ, ಬರೆಸಿ, ನಂಬರು ಕೇಳಿ ಪಡೆಯಿರಿ. ಬರೆದದ್ದು ಏನಾಯಿತು ಎಂದು ಸಭೆಗೆ ಹೋಗಿ ಕೇಳಿ. ಹೋಗುವಾಗ ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ, ಮಾತು ಬಿಟ್ಟವರಾದರೂ ಸರಿಯೇ. ನಾಯಿ ಕಡಿದರೆ ಸೋಪು, ನೀರು, ಆಸ್ಪತ್ರೆ, ಈ ಮೂರಕ್ಕೂ ತಡಮಾಡಬೇಡಿ.

ಪೆಗ್ಗಿಯ ಬಿಲ್ಲೆ ಇವತ್ತಿಗೂ ಎಮೆಟ್‌ನ ಕೊಟ್ಟಿಗೆಯ ಮೊಳೆಯಲ್ಲೇ ಇದೆ. ನಿಮ್ಮ ನಾಯಿಯದು ಎಲ್ಲಿದೆ? ಎದ್ದು ಹೋಗಿ ನೋಡಿ.